ಗಾಡಿ ಸರ್ವೀಸ್‌ಗೆ ಬಿಟ್ಟಿರಾ? ಜಾಬ್ ಕಾರ್ಡ್ ಓದಿದಿರಾ?

‘ಮೇಡಂ, ಸರ್ ಬಂದಿಲ್ವಾ? ಅವರ ನಂಬರ್ ಕೊಡಿ, ಅವರ ಹತ್ರಾನೇ ಮಾತಾಡ್ತೀನಿ...’

ಕಾರು ಸರ್ವೀಸ್‌ಗೆ ಬಿಡಲು ಹೋದ ಗೃಹಿಣಿಯರಲ್ಲಿ ಈ ಮಾತು ಕೇಳದವರು ಕಡಿಮೆ. ತರಕಾರಿ ಅಂಗಡಿಯಲ್ಲಿ ತೂಕದ ಮೇಲೇ ಕಣ್ಣಿಟ್ಟಿರುವ, ಒಡವೆ ಅಂಗಡಿಯಲ್ಲಿ ‘ವೇಸ್ಟೇಜ್ ಎಷ್ಟು ಹಾಕಿದ್ದೀರಿ?’ ಎಂದು ಪಟ್ಟು ಹಿಡಿದು ಕೇಳುವ ನಾವು, ಸರ್ವೀಸ್ ಸೆಂಟರ್‌ನ ಗಾಜಿನ ಬಾಗಿಲು ದಾಟಿದೊಡನೆ ಯಾಕೋ ಮೆತ್ತಗಾಗಿಬಿಡುತ್ತೇವೆ. ‘ನಮಗೇನು ಗೊತ್ತಾಗುತ್ತೆ ಗಾಡಿ ವಿಷಯ’ ಎಂದು ತೋರಿಸಿದ ಕಡೆ ಸಹಿ ಹಾಕಿ ಬರುತ್ತೇವೆ. ಸಂಜೆ ಬಿಲ್ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ‘ವಾರಂಟಿ ಇದೆಯಲ್ಲಾ?’ ಎಂದರೆ, ‘ಇದು ವಾರಂಟಿಯಲ್ಲಿ ಬರೋಲ್ಲ ಮೇಡಂ’ ಎಂಬ ಸಿದ್ಧ ಉತ್ತರ.

ಕೋಣನಕುಂಟೆ ಕ್ರಾಸ್‌ಗೆ 2021ರ ಜನವರಿಯಲ್ಲಿ ಮೆಟ್ರೊ ಬಂತು ನಿಜ. ಆದರೂ ಮಕ್ಕಳ ಟ್ಯೂಷನ್, ಅತ್ತೆಯವರ ಆಸ್ಪತ್ರೆ, ಸಾರಕ್ಕಿ ಮಾರ್ಕೆಟ್ ಅಂತ ದಿನಕ್ಕೊಂದು ಓಡಾಟ ಇದ್ದೇ ಇರುತ್ತದೆ. ಯಜಮಾನರು ಆಫೀಸಿನಲ್ಲಿರುವ ಹೊತ್ತಿಗೇ ಸರ್ವೀಸ್ ಸೆಂಟರ್ ತೆರೆದಿರುವುದರಿಂದ ಗಾಡಿ ಬಿಟ್ಟು ಬರುವ ಕೆಲಸವೂ ನಮ್ಮ ಪಾಲಿಗೇ. ಹಾಗಿರುವಾಗ ಅದರ ಲೆಕ್ಕವೂ ನಮ್ಮ ಕೈಯಲ್ಲೇ ಇರಬೇಡವೇ? ಇದು ಬರೀ ದುಡ್ಡಿನ ಮಾತಲ್ಲ. ನೋಡದೇ ‘ಓಕೆ’ ಎಂದು ಗುರುತು ಹಾಕಿದ ಬ್ರೇಕ್ ಇರುವ ಕಾರಿನ ಹಿಂದಿನ ಸೀಟಿನಲ್ಲಿ ಕೂರುವುದು ನಮ್ಮ ಮಕ್ಕಳೇ.

ಸಮಾಧಾನದ ವಿಷಯವೆಂದರೆ, ಇದಕ್ಕೆ ಎಂಜಿನ್ ಬಿಚ್ಚಿ ಜೋಡಿಸುವ ವಿದ್ಯೆ ಬೇಕಿಲ್ಲ. ಬಾಯಿಮಾತನ್ನೆಲ್ಲ ಕಾಗದಕ್ಕೆ ಇಳಿಸುವ ಅಭ್ಯಾಸವೊಂದಿದ್ದರೆ ಸಾಕು.

ವಾರಂಟಿ ಕೆಲಸಕ್ಕೆ ದುಡ್ಡು ಯಾರದು?

ಮೊದಲು ಈ ಒಳಗುಟ್ಟು ತಿಳಿದುಕೊಳ್ಳಿ. ಕಾರು ತಯಾರಿಸುವ ಕಂಪನಿ ಬೇರೆ, ನಿಮಗೆ ಮಾರುವ ಡೀಲರ್ ಬೇರೆ. ವಾರಂಟಿ ಕೊಡುವುದು ಕಂಪನಿ, ಕೆಲಸ ಮಾಡುವುದು ಡೀಲರ್‌ನ ವರ್ಕ್‌ಶಾಪ್. ವಾರಂಟಿಯಲ್ಲಿ ಒಂದು ಬಿಡಿಭಾಗ ಬದಲಿಸಿದರೆ ಡೀಲರ್ ಅದರ ದುಡ್ಡನ್ನು ಕಂಪನಿಯಿಂದ ವಸೂಲು ಮಾಡಿಕೊಳ್ಳಬೇಕು. ಅದಕ್ಕೆ ಅರ್ಜಿ, ಫೋಟೊ, ಕಂಪನಿಯ ಒಪ್ಪಿಗೆ ಎಲ್ಲ ಬೇಕು. ಅದೇ ಕೆಲಸಕ್ಕೆ ನೀವು ದುಡ್ಡು ಕೊಟ್ಟರೆ ಅವತ್ತೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ನಗುನಗುತ್ತಾ ಮಾತಾಡಿಸುವ ಸರ್ವೀಸ್ ಅಡ್ವೈಸರ್‌ಗೂ ತಿಂಗಳ ಗುರಿ ಇರುತ್ತದೆ.

ಎಲ್ಲ ಡೀಲರುಗಳೂ ಮೋಸಗಾರರು ಎಂದಲ್ಲ. ಆದರೆ ‘ಬರೋಲ್ಲ’ ಎನ್ನುವುದು ಅವರಿಗೆ ಸುಲಭದ ದಾರಿ ಎಂಬುದು ನಿಮಗೆ ಗೊತ್ತಿರಲಿ. ಕೇಳುವ ಗ್ರಾಹಕರಿಗೆ ಒಂದು ಉತ್ತರ, ಕೇಳದವರಿಗೆ ಇನ್ನೊಂದು!

ಮೊದಲು ಪುಸ್ತಕ ಓದಿ

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಬಿದ್ದಿರುತ್ತದಲ್ಲ, ಆ ಪುಸ್ತಕ ಹೊರಗೆ ತೆಗೆಯಿರಿ. ಒಂದು ಮಧ್ಯಾಹ್ನ ಸೀರಿಯಲ್‌ಗೆ ರಜೆ ಕೊಟ್ಟು ಇಷ್ಟನ್ನು ನೋಡಿಕೊಳ್ಳಿ:

* ವಾರಂಟಿಗೆ ಹೆಚ್ಚಾಗಿ ಎರಡು ಗಡಿ ಇರುತ್ತದೆ: ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ಉದಾಹರಣೆಗೆ ಮಾರುತಿ ಸುಜುಕಿ 2 ವರ್ಷ ಅಥವಾ 40,000 ಕಿ.ಮೀ. ಇದ್ದ ವಾರಂಟಿಯನ್ನು 2024ರ ಜುಲೈನಲ್ಲಿ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಅದಕ್ಕೂ ಮೊದಲು ಕೊಂಡ ಕಾರಿಗೆ ಹಳೆಯ ಲೆಕ್ಕವೇ ಇರಬಹುದು. ಪಕ್ಕದ ಮನೆಯವರ ಮಾತು ನಂಬದೆ ನಿಮ್ಮ ಪುಸ್ತಕವನ್ನೇ ನಂಬಿ.

* ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ರಬ್ಬರ್, ಫಿಲ್ಟರ್, ಬಲ್ಬ್ ಇವು ಬಳಸಿದಷ್ಟೂ ಸವೆಯುವ ವಸ್ತುಗಳು. ಮಾಮೂಲಿ ಸವೆತಕ್ಕೆ ವಾರಂಟಿ ಸಿಗುವುದಿಲ್ಲ. ಆದರೆ ಸವೆತಕ್ಕೂ ತಯಾರಿಕೆಯ ದೋಷಕ್ಕೂ ವ್ಯತ್ಯಾಸವಿದೆ. ಕೆಲವೇ ಸಾವಿರ ಕಿ.ಮೀ.ಗೆ ಹಾಳಾದರೆ ಕಾರಣ ಕೇಳಿ.

* ಟೈರು ಮತ್ತು ಬ್ಯಾಟರಿಗೆ ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದ ಕಂಪನಿಯದೇ ಪ್ರತ್ಯೇಕ ವಾರಂಟಿ. ಆ ಕಾರ್ಡುಗಳನ್ನು ಜೋಪಾನ ಮಾಡಿ.

* ‘ಫ್ರೀ ಸರ್ವೀಸ್’ನಲ್ಲಿ ಸಾಮಾನ್ಯವಾಗಿ ಉಚಿತ ಎಂದರೆ ಲೇಬರ್ ಮಾತ್ರ. ಆಯಿಲ್, ಫಿಲ್ಟರ್‌ಗೆ ನಾವೇ ದುಡ್ಡು ಕೊಡಬೇಕು. ಇದು ಮೋಸವಲ್ಲ. ಆದರೆ ಫ್ರೀ ಸರ್ವೀಸ್ ಬಿಲ್ಲಿನಲ್ಲಿ ಅದೇ ಸರ್ವೀಸ್‌ನ ಲೇಬರ್ ಚಾರ್ಜ್ ಕಂಡರೆ ಮಾತ್ರ ಸುಮ್ಮನಿರಬೇಡಿ.

* ಯಾವ ಕಿಲೋಮೀಟರ್‌ಗೆ ಏನೇನು ಬದಲಿಸಬೇಕು ಎಂಬ ಕೋಷ್ಟಕ ಇರುತ್ತದೆ. ಅದರ ಫೋಟೊ ಮೊಬೈಲ್‌ನಲ್ಲಿರಲಿ. ಸರ್ವೀಸ್ ಕೌಂಟರಿನಲ್ಲಿ ಅದೇ ನಿಮ್ಮ ತಕ್ಕಡಿ.

ಜಾಬ್ ಕಾರ್ಡ್‌ನಲ್ಲಿ ಇಲ್ಲದ ದೂರು, ದೂರೇ ಅಲ್ಲ

ಗಾಡಿ ಬಿಡುವಾಗ ಅಡ್ವೈಸರ್ ತುಂಬಿಸುವ ಹಾಳೆಯೇ ಜಾಬ್ ಕಾರ್ಡ್. ಈಗ ಬಹಳ ಕಡೆ ಟ್ಯಾಬ್‌ನಲ್ಲಿ ತುಂಬಿಸಿ, ಬೆರಳಲ್ಲೇ ಸಹಿ ಹಾಕಿಸಿಕೊಳ್ಳುತ್ತಾರೆ. ನಾಳೆ ಜಗಳವಾದರೆ ಎಲ್ಲರೂ ತೆಗೆದು ನೋಡುವುದು ಈ ಕಾಗದವನ್ನೇ. ಆದ್ದರಿಂದ ಬ್ಲೌಸ್ ಹೊಲಿಯಲು ಕೊಡುವಾಗ ಟೈಲರ್‌ಗೆ ತೋಳಿನ ಅಳತೆ, ಕತ್ತಿನ ಅಳತೆ ಒಂದೊಂದಾಗಿ ಬರೆಸುತ್ತೀರಲ್ಲ, ಅಷ್ಟೇ ಕಟ್ಟುನಿಟ್ಟಾಗಿ ಇಲ್ಲೂ ಬರೆಸಿ.

‘ಜನರಲ್ ಚೆಕಪ್’ ಎಂದು ಬರೆದು ಮುಗಿಸಲು ಬಿಡಬೇಡಿ. ‘ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ ಅನ್ನೋ ಸದ್ದು’, ‘ಹಂಪ್ ಹತ್ತಿ ಇಳಿಯುವಾಗ ಎಡಗಡೆ ಮುಂದಿನ ಚಕ್ರದ ಹತ್ತಿರ ಟಕ್ ಅನ್ನುತ್ತೆ’, ‘ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗೋಲ್ಲ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಏನು ಆಗುತ್ತದೆ, ಯಾವಾಗ ಆಗುತ್ತದೆ ಎಂದು ಹೇಳುವುದು ನಿಮ್ಮ ಕೆಲಸ. ಯಾಕೆ ಆಗುತ್ತದೆ ಎಂದು ಹುಡುಕುವುದು ಅವರ ಕೆಲಸ.

ಸರ್ವೀಸ್ ಸೆಂಟರ್ ಆವರಣದಲ್ಲಿ ಸದ್ದೇ ಬರದಿದ್ದರೆ? ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ. ಗುಂಡಿಗೂ ಹಂಪ್‌ಗೂ ನಮ್ಮ ಬೀದಿಗಳಲ್ಲಿ ಏನು ಬರವೇ? ಸದ್ದು ಕೇಳಿಸಿದ ಮೇಲೆ ಅದನ್ನೂ ಬರೆಸಿ.

ಇನ್ನು ಮುಖ್ಯವಾದ ಮಾತು. ವಾರಂಟಿ ಮುಗಿಯಲು ಒಂದೆರಡು ತಿಂಗಳಿದ್ದಾಗ ಹೇಳಿದ ದೂರನ್ನು ‘ಮುಂದಿನ ಸರ್ವೀಸ್‌ನಲ್ಲಿ ನೋಡೋಣ ಮೇಡಂ’ ಎಂದು ತಳ್ಳುವುದುಂಟು. ಮುಂದಿನ ಸರ್ವೀಸ್ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ! ವಾರಂಟಿ ಇರುವಾಗಲೇ ದೂರು ಕೊಟ್ಟಿದ್ದಿರಿ ಎನ್ನಲು ತಾರೀಕು ಸಹಿತ ಜಾಬ್ ಕಾರ್ಡ್ ಇದ್ದರೆ ನಿಮ್ಮ ವಾದ ಗಟ್ಟಿ. ಅದೇ ದೋಷ ಎರಡನೇ ಸಲ, ಮೂರನೇ ಸಲ ಬಂದರೆ ‘ಹಿಂದಿನ ದೂರೇ ಮರುಕಳಿಸಿದೆ’ ಎಂದೇ ಬರೆಸಿ.

ಕಿಲೋಮೀಟರ್, ಪೆಟ್ರೋಲ್ ಮಟ್ಟ, ಮೈಮೇಲಿನ ಗೀರು, ಅಂದಾಜು ಖರ್ಚು, ಗಾಡಿ ಕೊಡುವ ಸಮಯ ಇಷ್ಟೂ ತುಂಬಿದ ಮೇಲೇ ಸಹಿ ಹಾಕಿ. ಒಂದು ಪ್ರತಿ ಕೈಗೆ ಬರಲಿ ಅಥವಾ ವಾಟ್ಸ್‌ಆ್ಯಪ್‌ಗೆ ಬರಲಿ. ಮನೆಗೇ ಡ್ರೈವರ್ ಬಂದು ಗಾಡಿ ಒಯ್ಯುವುದಾದರೆ ಮೀಟರಿನ ಫೋಟೊ ತೆಗೆದೇ ಕೀ ಕೊಡಿ.

‘ಇದೂ ಮಾಡಿಸಿಬಿಡಿ ಮೇಡಂ’

ಗಾಡಿ ಬಿಟ್ಟು ಬಂದ ಒಂದೆರಡು ಗಂಟೆಗೆ ಫೋನ್ ಬರುತ್ತದೆ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಷನ್, ಟೆಫ್ಲಾನ್ ಕೋಟಿಂಗ್, ಅಂಡರ್‌ಬಾಡಿ ಕೋಟಿಂಗ್... ಪಟ್ಟಿ ಉದ್ದ. ಒಗ್ಗರಣೆ ಒಲೆ ಮೇಲಿರುವಾಗ ‘ಹ್ಞೂಂ, ಮಾಡಿ’ ಎಂದುಬಿಡುತ್ತೇವೆ.

ಅವಸರ ಬೇಡ. ಮೂರೇ ಪ್ರಶ್ನೆ ಕೇಳಿ: ಇದು ಕಂಪನಿಯ ಕೋಷ್ಟಕದಲ್ಲಿ ಈ ಕಿಲೋಮೀಟರ್‌ಗೆ ಇದೆಯೇ? ಮಾಡಿಸದಿದ್ದರೆ ವಾರಂಟಿಗೆ ತೊಂದರೆಯೇ? ಒಟ್ಟು ಎಷ್ಟಾಗುತ್ತದೆ? ಉತ್ತರ ಮೆಸೇಜ್‌ನಲ್ಲಿ ಕಳಿಸಲು ಹೇಳಿ. ನಿಜವಾಗಿ ಬೇಕಾದ ಕೆಲಸವಾದರೆ ಬರೆದು ಕಳಿಸಲು ಅವರಿಗೆ ಕಷ್ಟವಿಲ್ಲ. ಬೇಡದ ಕೆಲಸವಾದರೆ ‘ಪರವಾಗಿಲ್ಲ, ಮುಂದಿನ ಸಲ ನೋಡೋಣ ಮೇಡಂ’ ಎಂದು ಅವರೇ ಕೈಬಿಡುವುದೂ ಉಂಟು.

ನೇಲ್ ಪಾಲಿಶ್ ಪರೀಕ್ಷೆ

ಫಿಲ್ಟರ್ ಬದಲಿಸಿದ್ದೇವೆ ಎಂದು ಬಿಲ್ ಹಾಕುತ್ತಾರೆ. ನಿಜವಾಗಿ ಬದಲಿಸಿದ್ದಾರೆಯೇ? ಗಾಡಿ ಬಿಡುವ ಮೊದಲು ಏರ್ ಫಿಲ್ಟರ್‌ನ ಅಂಚಿಗೆ ಒಂದು ಚುಕ್ಕೆ ನೇಲ್ ಪಾಲಿಶ್ ಇಡಿ. ಬಹಳಷ್ಟು ಕಾರುಗಳಲ್ಲಿ ಬಾನೆಟ್ ಎತ್ತಿ ಒಂದೆರಡು ಕ್ಲಿಪ್ ತೆಗೆದರೆ ಫಿಲ್ಟರ್ ಕಾಣುತ್ತದೆ. ಎಲ್ಲಿದೆ ಎಂಬ ಚಿತ್ರ ಆ ಪುಸ್ತಕದಲ್ಲೇ ಇರುತ್ತದೆ. ಸರ್ವೀಸ್ ಆದ ಮೇಲೆ ನಿಮ್ಮ ಚುಕ್ಕೆ ಅಲ್ಲೇ ನಗುತ್ತಿದ್ದರೆ ಬಿಲ್ಲನ್ನು ತಿರುಗಿಸಿ ಕೊಡಿ!

ಪೆಟ್ರೋಲ್ ಕಾರಾದರೆ ಆಯಿಲ್ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿ. ಹೊಸ ಆಯಿಲ್ ಜೇನಿನ ಬಣ್ಣಕ್ಕಿರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಗುವುದರಿಂದ ಅಲ್ಲಿ ಬಣ್ಣ ನೋಡಿ ತೀರ್ಮಾನಿಸಬೇಡಿ.

ನೀವು ದುಡ್ಡು ಕೊಟ್ಟು ಬದಲಿಸಿದ ಹಳೆಯ ಭಾಗಗಳನ್ನು ‘ಡಿಕ್ಕಿಯಲ್ಲಿ ಹಾಕಿಡಿ’ ಎಂದು ಮೊದಲೇ ಜಾಬ್ ಕಾರ್ಡ್‌ನಲ್ಲಿ ಬರೆಸಿ. ವಾರಂಟಿಯಲ್ಲಿ ಬದಲಿಸಿದ ಭಾಗವನ್ನು ಮಾತ್ರ ಕಂಪನಿ ವಾಪಸ್ ಕೇಳಬಹುದು, ಅದನ್ನು ಕೊಡುವುದಿಲ್ಲ. ಕಣ್ಣಾರೆ ನೋಡಿ, ಫೋಟೊ ತೆಗೆದುಕೊಳ್ಳಿ.

ಬಿಲ್ಲಿನಲ್ಲಿ ಬಿಡಿಭಾಗ, ಲೇಬರ್, ತೆರಿಗೆ ಬೇರೆ ಬೇರೆ ಕಾಣಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ದರ ಕಂಡರೆ ಕೇಳಿ. ವಾರಂಟಿಯಲ್ಲಿ ಉಚಿತವಾಗಿ ಹಾಕಿದ ಭಾಗಕ್ಕೆ ‘ಜಿಎಸ್‌ಟಿ ಮಾತ್ರ ಕೊಡಿ’ ಎಂದರೂ ಒಪ್ಪಬೇಡಿ. ಗ್ರಾಹಕರಿಂದ ದುಡ್ಡು ಪಡೆಯದಿದ್ದರೆ ಜಿಎಸ್‌ಟಿಯೂ ಇಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2023ರ ಜುಲೈನಲ್ಲಿಯೇ ಸುತ್ತೋಲೆ ಹೊರಡಿಸಿದೆ.

‘ವಾರಂಟಿಯಲ್ಲಿ ಬರೋಲ್ಲ’ ಎಂದರೆ...

ಕೋಪ ಮಾಡಿಕೊಳ್ಳದೆ ಒಂದೇ ಮಾತು ಹೇಳಿ: ‘ಸರಿ, ಯಾವ ನಿಯಮದ ಪ್ರಕಾರ ಬರೋಲ್ಲ ಅಂತ ಬರೆದು ಕೊಡಿ.’ ಹೀಗೆಂದೊಡನೆ ಅಡ್ವೈಸರ್ ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬರುವುದನ್ನು ನೀವೇ ನೋಡುವಿರಿ.

ಆದರೆ ನಮ್ಮ ಕಡೆಯಿಂದಲೂ ಅವರಿಗೆ ನೆಪ ಸಿಗಬಾರದು. ಸರ್ವೀಸ್ ತಾರೀಕು ತಪ್ಪಿಸುವುದು, ಹೊರಗಡೆ ವೈರ್ ಕತ್ತರಿಸಿ ಸ್ಟೀರಿಯೊ ಅಥವಾ ಲೈಟ್ ಹಾಕಿಸುವುದು, ಬೇರೆ ಕಡೆ ಗ್ಯಾಸ್ ಕಿಟ್ ಹಾಕಿಸುವುದು ಇವೆಲ್ಲ ವಾರಂಟಿ ನಿರಾಕರಿಸಲು ಸಿಗುವ ಕಾರಣಗಳು.

ಹೊರಗಿನ ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ? ಇದು ಬಹಳ ಜನರ ಪ್ರಶ್ನೆ. ಬಿಡಿಭಾಗಗಳನ್ನು ಹೊರಗಿನವರಿಗೆ ಸಿಗದಂತೆ ಮಾಡಿದ್ದಕ್ಕೆ, ಇಂಥ ವಾರಂಟಿ ಷರತ್ತುಗಳನ್ನು ಹಾಕಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿ ಹೋದವು, ದಂಡದ ವಿವಾದ ವರ್ಷಗಟ್ಟಲೆ ಎಳೆಯಿತು. ಆ ಆದೇಶವನ್ನೇ ನಂಬಿ ಇವತ್ತು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವುದು ಜಾಣತನವಲ್ಲ. ವಾರಂಟಿ ಇರುವಷ್ಟು ದಿನ ಕಂಪನಿಯ ಅಧಿಕೃತ ವರ್ಕ್‌ಶಾಪಿಗೇ ಹೋಗಿ. ಆದರೆ ಮೊದಲು ಕೊಂಡ ಡೀಲರ್ ಹತ್ತಿರವೇ ಹೋಗಬೇಕೆಂದಿಲ್ಲ. ಅದೇ ಕಂಪನಿಯ ಅಧಿಕೃತ ವರ್ಕ್‌ಶಾಪ್ ಕನಕಪುರ ರಸ್ತೆಯದಾದರೇನು, ಬನ್ನೇರುಘಟ್ಟ ರಸ್ತೆಯದಾದರೇನು? ಒಂದು ಕಡೆ ‘ಇಲ್ಲ’ ಎಂದರೆ ಇನ್ನೊಂದು ಕಡೆ ತೋರಿಸಿ.

ಇನ್ನೊಂದು ವಿಷಯ. ಒಂದೇ ಮಾದರಿಯ ಎಷ್ಟೋ ಗಾಡಿಗಳಲ್ಲಿ ಒಂದೇ ದೋಷ ಕಂಡಾಗ ಕಂಪನಿ ಅವುಗಳನ್ನು ಹಿಂದಕ್ಕೆ ಕರೆಸಿಕೊಂಡು ಸರಿಪಡಿಸುತ್ತದೆ. ಇದೇ ರೀಕಾಲ್. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲೇ ಇದಕ್ಕೆ ಜಾಗವಿದೆ. ರೀಕಾಲ್ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ, ಇಲ್ಲವೇ ಕಸ್ಟಮರ್ ಕೇರ್‌ಗೆ ಕೇಳಿ.

ಜಗಳ ಬೇಡ, ಮೆಟ್ಟಿಲು ಹತ್ತಿ

ಅಡ್ವೈಸರ್ ಕೇಳದಿದ್ದರೆ ಸರ್ವೀಸ್ ಮ್ಯಾನೇಜರ್. ಅವರೂ ಕೇಳದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್. ದೂರಿನ ನಂಬರ್ ಪಡೆಯುವುದು ಮರೆಯಬೇಡಿ. ಕಂಪನಿಯ ತನಕ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. 2022ರಲ್ಲಿ ಬೆಂಗಳೂರಿನಲ್ಲಿ ಮಳೆನೀರು ನುಗ್ಗಿದಾಗ ಸುಮಾರು 11 ಲಕ್ಷ ರೂಪಾಯಿಯ ಫೋಕ್ಸ್‌ವ್ಯಾಗನ್ ಪೋಲೊ ಕಾರೊಂದು ಮುಳುಗಿತು. ವೈಟ್‌ಫೀಲ್ಡ್‌ನ ಸರ್ವೀಸ್ ಸೆಂಟರ್ ಕೊಟ್ಟ ರಿಪೇರಿ ಎಸ್ಟಿಮೇಟ್ ಎಷ್ಟು ಗೊತ್ತೇ? 22 ಲಕ್ಷ! ಮಾಲೀಕರು ವಿಮೆ ಪಡೆಯಲು ಕಾಗದಪತ್ರ ಕೇಳಿದರೆ ಅದಕ್ಕೇ 44,840 ರೂಪಾಯಿಯ ಬಿಲ್ ಬಂತು. ಅವರು ಕಂಪನಿಗೆ ಬರೆದು ಪಟ್ಟು ಹಿಡಿದ ಮೇಲೆ ಆ ಮೊತ್ತ 5,000ಕ್ಕೆ ಇಳಿಯಿತು. ಇದು ವಾರಂಟಿ ಪ್ರಕರಣವಲ್ಲ, ಆದರೆ ಪಾಠ ಅದೇ. ಎಸ್ಟಿಮೇಟ್‌ಗೂ ಶುಲ್ಕವಿದೆಯೇ ಎಂದು ಗಾಡಿ ಬಿಡುವಾಗಲೇ ಕೇಳಿ.

ಕಂಪನಿಯೂ ಸುಮ್ಮನಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ‘ಫೋನ್ ಮಾಡಿದರೆ ಏನಾಗುತ್ತೆ ಬಿಡಿ’ ಎನ್ನಬೇಡಿ. ಬೆಂಗಳೂರಿನದೇ ಕಂಪನಿಯಾದ ಓಲಾ ಎಲೆಕ್ಟ್ರಿಕ್‌ನ ಸ್ಕೂಟರುಗಳ ಬಗ್ಗೆ ಒಂದೇ ವರ್ಷದಲ್ಲಿ 10,644 ದೂರುಗಳು ಈ ಸಹಾಯವಾಣಿಗೆ ಬಂದಿದ್ದವು. ಅವುಗಳಲ್ಲಿ 3,389 ಸರ್ವೀಸ್ ತಡವಾದ ಬಗ್ಗೆ. ಇದನ್ನೇ ಆಧಾರವಾಗಿಟ್ಟು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಕಂಪನಿಗೆ ನೋಟಿಸ್ ಕೊಟ್ಟಿತು. ಶೇ 99.1ರಷ್ಟು ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಬೇಕಾಯಿತು. ಅದಕ್ಕೂ ಒಂದು ತಿಂಗಳ ಹಿಂದೆ ಕಲಬುರಗಿಯಲ್ಲಿ ಗ್ರಾಹಕನೊಬ್ಬ ಸರ್ವೀಸ್ ಸಿಗದ ಸಿಟ್ಟಿಗೆ ಅದೇ ಕಂಪನಿಯ ಶೋರೂಮಿಗೆ ಬೆಂಕಿ ಹಚ್ಚಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಸಿಟ್ಟು ನ್ಯಾಯವಾದದ್ದೇ ಇರಬಹುದು, ಸಿಕ್ಕಿದ್ದು ಮಾತ್ರ ಕೇಸು.

ಕಡೆಯ ಮೆಟ್ಟಿಲು: ಗ್ರಾಹಕರ ಆಯೋಗ

‘ಕಾರು ಯಜಮಾನರ ಹೆಸರಲ್ಲಿದೆ, ನಾನೇನು ಮಾಡಲಿ?’ ಎನ್ನುವಿರಾ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ಮಾತ್ರ ಗ್ರಾಹಕರಲ್ಲ. ಅವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಅಂದರೆ ಸ್ಟೀರಿಂಗ್ ಹಿಡಿಯುವ ನೀವೂ!

ಈ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆದರೆ ತೊಂದರೆಯಾದ ದಿನದಿಂದ 2 ವರ್ಷದೊಳಗೆ ಹೋಗಬೇಕು. ‘ನಾಳೆ ಮಾಡ್ತೀವಿ’ ಎನ್ನುವ ಡೀಲರ್ ಮಾತು ನಂಬಿ ಈ ಗಡುವು ಕಳೆದುಕೊಳ್ಳಬೇಡಿ.

ದೂರಿನಲ್ಲಿ ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಸೇರಿಸುವುದು ಒಳ್ಳೆಯದು. ಡೀಲರ್ ಮಾಡಿದ ತಪ್ಪಿಗೆ, ಅದು ಕಂಪನಿಗೆ ಗೊತ್ತೇ ಇರದಿದ್ದರೆ, ಕಂಪನಿಯನ್ನು ಹೊಣೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ಹೇಳಿದೆ. ಕಂಪನಿಯ ಮೇಲೆ ಮಾತ್ರ ದೂರು ಕೊಟ್ಟು ಡೀಲರನ್ನು ಬಿಟ್ಟರೆ ಕೈ ಖಾಲಿಯಾದೀತು.

ಹೊಸ ಕಾರೇ ಬೇಕು ಎಂದು ಹಟ ಹಿಡಿಯುವ ಮೊದಲೂ ಯೋಚಿಸಿ. ಭಾಗ ಸರಿಪಡಿಸುತ್ತೇವೆ ಅಥವಾ ಬದಲಿಸುತ್ತೇವೆ ಎಂದಷ್ಟೇ ವಾರಂಟಿಯಲ್ಲಿದ್ದರೆ ಕಾರನ್ನೇ ಬದಲಿಸಿ ಎನ್ನಲಾಗದು ಎಂದು 2006ರಲ್ಲಿ ಮಾರುತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಜೀವದ ಪ್ರಶ್ನೆ ಬಂದಾಗ ಕಥೆಯೇ ಬೇರೆ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹುಂಡೈ ಕ್ರೆಟಾ ಪ್ರಕರಣದಲ್ಲಿ ಕಾರು ಬದಲಿಸಿ ಪರಿಹಾರವನ್ನೂ ಕೊಡಬೇಕೆಂಬ ಆದೇಶವನ್ನು ಅದೇ ಕೋರ್ಟ್ 2022ರಲ್ಲಿ ಎತ್ತಿಹಿಡಿಯಿತು. ಎಷ್ಟು ವೇಗದಲ್ಲಿ, ಎಷ್ಟು ಬಲವಾಗಿ ಗುದ್ದಿದರೆ ಏರ್‌ಬ್ಯಾಗ್ ತೆರೆಯುತ್ತದೆ ಎಂದು ಲೆಕ್ಕ ಹಾಕಲು ಗ್ರಾಹಕರೇನು ಭೌತಶಾಸ್ತ್ರದ ಪಂಡಿತರಾಗಬೇಕಿಲ್ಲ ಎಂಬರ್ಥದ ಮಾತನ್ನೂ ಹೇಳಿತು. ‘ನಮಗೇನು ಗೊತ್ತಾಗುತ್ತೆ’ ಎಂದು ಹಿಂಜರಿಯುವವರಿಗೆ ಇದಕ್ಕಿಂತ ಧೈರ್ಯದ ಮಾತು ಬೇಕೇ?

ಫೈಲ್ ಒಂದಿರಲಿ

* ಕೊಂಡ ಬಿಲ್, ವಾರಂಟಿ ಪುಸ್ತಕ, ಎಲ್ಲ ಜಾಬ್ ಕಾರ್ಡ್ ಮತ್ತು ಸರ್ವೀಸ್ ಬಿಲ್‌ಗಳು ತಾರೀಕಿನ ಪ್ರಕಾರ ಒಂದೇ ಫೈಲ್‌ನಲ್ಲಿರಲಿ.

* ವಾರಂಟಿ ಮುಗಿಯುವ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ತಿಂಗಳು ಮೊದಲೇ ಗಾಡಿಯನ್ನು ಪೂರ್ತಿ ತಪಾಸಣೆ ಮಾಡಿಸಿ, ಸಣ್ಣಪುಟ್ಟ ದೂರುಗಳನ್ನೂ ಬರೆಸಿ.

* ವಾರಂಟಿ ವಿಸ್ತರಿಸುವುದಾದರೆ ಅದು ಕಂಪನಿಯದೋ, ಡೀಲರ್‌ನ ಸ್ವಂತದ್ದೋ ಕೇಳಿ. ಕಂಪನಿಯದಾದರೆ ಯಾವ ಊರಿನ ಅಧಿಕೃತ ವರ್ಕ್‌ಶಾಪಿನಲ್ಲಿ ನಡೆಯುತ್ತದೆ ಎಂದೂ ಕೇಳಿಕೊಳ್ಳಿ.

* ಫೋನ್‌ನಲ್ಲಿ ಮಾತಾಡಿದ್ದನ್ನು ‘ನೀವು ಹೀಗೆ ಹೇಳಿದಿರಿ’ ಎಂದು ಅವತ್ತೇ ಮೆಸೇಜ್ ಹಾಕಿ.

* ಗಾಡಿ ವಾಪಸ್ ಪಡೆಯುವಾಗ ಒಂದು ಸುತ್ತು ಓಡಿಸಿ, ಬ್ರೇಕ್ ನೋಡಿ. ತೃಪ್ತಿಯಾದ ಮೇಲೇ ‘ತೃಪ್ತಿಯಾಗಿದೆ’ ಎಂಬ ಕಡೆ ಸಹಿ ಹಾಕಿ.

ಮುಂದಿನ ಸಲ ಸರ್ವೀಸ್‌ಗೆ ಹೋಗುವಾಗ ಕಾರಿನ ಕೀ ಜೊತೆಗೆ ಈ ಫೈಲನ್ನೂ ಒಂದು ಪೆನ್ನನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಎಸ್ಟಿಮೇಟ್ ಬರೆಸಿಕೊಂಡು, ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ಹತ್ತಿ ನಿಶ್ಚಿಂತೆಯಿಂದ ನಿಮ್ಮ ಕೆಲಸ ನೋಡಿಕೊಳ್ಳಿ.